ಎರಡು ಬಸ್ಸುಗಳಿಗೊಂದು ಕ್ವಾಂಟಂ ಪ್ರಾಜೆಕ್ಟು

ಹೋದ ತಿಂಗಳು ನಮ್ಮ ಕಾಲೇಜಿಗೆ ಹೊಸದಾಗಿ ಸೇರಿದ ಅಧ್ಯಾಪಕಿಯೊಬ್ಬಳು ಮಸ್ಕಿಯ ನಮ್ಮ ಮನೆ ಹುಡುಕಿಕೊಂಡು ಬಂದಳು. ಕೂತ ಕೂಡಲೇ, "ಮೇಡಂ, ನನಗ ಗೊತ್ತ ಇಲ್ಲದ ವಿಷಯದಾಗ ಪ್ರಾಜೆಕ್ಟ್ ಗೈಡ್ ಮಾಡಂತ ಹೇಳ್ಯಾರ್ರೀ. ಹುಡುಗರ ಮುಂದ ಮರ್ಯಾದಿ ಹೋಗತೈತಿ. ಏನ್ ಮಾಡ್ಲಿ?" ಎಂದಳು. ಚಹಾ ಆರುವವರೆಗೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ವಿವರವಾಗಿ ಬರೆದಿದ್ದೇನೆ. ಬಡ್ತಿ, ವೇತನ ಶ್ರೇಣಿ, ಬೀಳ್ಕೊಡುಗೆಯ ಶಾಲು ಇವುಗಳ ಕಥೆ ನನ್ನ ಮನೆಯವರೇ ಕೇಳುವುದಿಲ್ಲ, ನಿಮಗೇಕೆ?

ನಾನು ಲಿಂಗಸುಗೂರಿನ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಎಂಜಿನಿಯರಿಂಗಿನಲ್ಲಿ ನಮ್ಮ ವಿಷಯ ಮೊದಲ ವರ್ಷಕ್ಕೆ ಮಾತ್ರ. ಎರಡನೇ ವರ್ಷಕ್ಕೆ ಹೋದ ಹುಡುಗರು ಕಾರಿಡಾರಿನಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಿದ್ದರು. ನಾನು ಯಾವ ವಿಷಯ ಹೇಳಿದ್ದೆ ಎಂಬುದು ಬಹಳ ಮಂದಿಗೆ ನೆನಪಿರುತ್ತಿರಲಿಲ್ಲ. ಇನ್ನೆರಡು ವರ್ಷ ಹೀಗೇ ನಮಸ್ಕಾರ ತಗೊಂಡು ನಿವೃತ್ತಿಯಾಗುವುದೆಂದು ನಿಶ್ಚಿಂತೆಯಿಂದಿದ್ದೆ.

ಆಗ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಕೊನೆಯ ವರ್ಷದ ಹುಡುಗರ ಒಂದು ತಂಡವಾದರೂ ಕ್ವಾಂಟಂ ಕಂಪ್ಯೂಟಿಂಗಿನಲ್ಲಿ ಪ್ರೋಗ್ರಾಮಿಂಗ್ ಪ್ರಾಜೆಕ್ಟ್ ಮಾಡಲೇಬೇಕು ಎಂದಿತ್ತು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ದೇಸಾಯಿ ಸರ್ ತಮ್ಮವರನ್ನೆಲ್ಲ ಕರೆದು ಕೇಳಿದರು. ಒಬ್ಬರಿಗೆ ಬೆನ್ನು ನೋವು, ಒಬ್ಬರಿಗೆ ಪಿಎಚ್.ಡಿ., ಇನ್ನೊಬ್ಬರಿಗೆ ಮದುವೆ. ಕೊನೆಗೆ ದೇಸಾಯಿ ಸರ್ ನಮ್ಮ ಸ್ಟಾಫ್ ರೂಮಿಗೇ ಬಂದರು.

"ಕ್ವಾಂಟಂ ಅಂದ್ರ ಫಿಜಿಕ್ಸ್ ಅಲ್ಲೇನ್ರೀ ಮೇಡಂ?"

"ಹೌದ್ರೀ ಸರ್."

"ಹಂಗಾದ್ರ ಇದು ನಿಮ್ದ ಆತು."

"ಕಂಪ್ಯೂಟಿಂಗ್ ಅಂದ್ರ ಕಂಪ್ಯೂಟರ್ ಅಲ್ಲೇನ್ರೀ?" ಎಂದು ನಾನು ಕೇಳುವಷ್ಟರಲ್ಲಿ ಅವರು ಬಾಗಿಲು ದಾಟಿದ್ದರು.

ನನ್ನ ಪಾಲಿಗೆ ಮೂವರು ಬಂದರು. ಮಸ್ಕಿಯ ಗೌತಮಿ, ಕೃಷಿ ಇಲಾಖೆಯ ನೌಕರರ ಮಗಳು. ಗಣಿತದಲ್ಲಿ ಬಿಗಿ, ಮಾತಿನಲ್ಲಿ ಇನ್ನೂ ಬಿಗಿ. ಈ ವಿಷಯ ಬೇಕೆಂದು ಕೇಳಿ ತಗೊಂಡವಳು ಅವಳೊಬ್ಬಳೇ. ಹಟ್ಟಿಯ ನಸ್ರೀನ್, ಅವಳ ತಂದೆಗೆ ಗಣಿಯಲ್ಲಿ ಶಿಫ್ಟ್ ಕೆಲಸ. ಪ್ರೋಗ್ರಾಂ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಗೆಳತಿ ಗೌತಮಿ ಇದ್ದಾಳೆಂದು ಬಂದಳು. ಮೂರನೆಯವನು ಸಿಂಧನೂರಿನ ಅಮರೇಶ. ತಂದೆಯದು ರೈತರ ನೆಲ್ಲು ತೂಗಿ ಮಾರಿಸುವ ಅಡತಿ ಅಂಗಡಿ. ತಂಡ ಕಟ್ಟುವ ದಿನ ಯಾರದೋ ಮದುವೆಗೆ ಹೋಗಿದ್ದ. ವಾಪಸು ಬಂದಾಗ ಜಾಗ ಉಳಿದದ್ದು ಇದೊಂದೇ ತಂಡದಲ್ಲಿ.

ಅಮರೇಶನ ತಂದೆ ಒಮ್ಮೆ ಕಾಲೇಜಿಗೆ ಬಂದವರು ನನ್ನನ್ನು ಕಂಡು ಬಹಳ ಗೌರವದಿಂದ ವಿಚಾರಿಸಿದರು. "ಮೇಡಂ, ಹುಡುಗ ಕ್ವಿಂಟಲ್ ಕಂಪ್ಯೂಟರ್ ಮಾಡಾಕತ್ತೀನಿ ಅಂತಾನ. ತೂಕದ್ದ ಏನ್ರೀ ಅದು? ನಮ್ಮ ಅಂಗಡಿಗೆ ಕೂಡಸಾಕ ಬರತೈತೇನ್ರೀ?"

ಅಲ್ಲರೀ, ಇದು ಬೇರೆ ಎಂದು ಹೇಳಿದೆ. ಅವರು ತಲೆಯಾಡಿಸಿ, ಚೀಲ ಲೆಕ್ಕ ಮಾಡಿದರೂ ಸಾಕು ಎಂದರು.

ನಗಬೇಡಿ. ಆ ದಿನಗಳಲ್ಲಿ ನನಗೂ ಅವರಿಗಿಂತ ಬಹಳ ಹೆಚ್ಚೇನೂ ಗೊತ್ತಿರಲಿಲ್ಲ. ಕ್ವಾಂಟಂ ಸಿದ್ಧಾಂತ ಹೇಳಿದ್ದೆ ನಿಜ, ಪರೀಕ್ಷೆಗೆ ಬರುವಷ್ಟು. ಅದರಿಂದ ಲೆಕ್ಕ ಮಾಡಿಸುವುದು ಹೇಗೆಂದು ಯಾರೂ ಕೇಳಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಹೋಗಿ ಮೊದಲ ದಿನ ಮೂವರನ್ನೂ ಕೂಡಿಸಿ ಒಂದು ನಾಣ್ಯ ತಿರುಗಿಸಿದೆ. ಸಾದಾ ಕಂಪ್ಯೂಟರಿನ ಬಿಟ್ ಅಂದರೆ ಮಲಗಿದ ನಾಣ್ಯ, ಸೊನ್ನೆ ಅಥವಾ ಒಂದು. ಕ್ಯೂಬಿಟ್ ಅಂದರೆ ತಿರುಗುವ ನಾಣ್ಯ, ಎರಡೂ ಕೂಡಿದ್ದು. ಹೀಗೆ ಹೇಳಿ ನನ್ನ ಬಗ್ಗೆ ನನಗೇ ಖುಷಿಯಾಯಿತು.

ಅಮರೇಶ ಕೇಳಿದ. "ಮೇಡಂ, ನಾಣ್ಯ ತಿರುಗಿಸಿದ್ರ ಲೆಕ್ಕ ಹೆಂಗ ಆಗತೈತ್ರೀ?"

ನಾನು ನಾಣ್ಯವನ್ನು ಇನ್ನೊಮ್ಮೆ ತಿರುಗಿಸಿದೆ. ಸದ್ಯ, ಅದು ಬೀಳುವ ಮೊದಲೇ ಗಂಟೆ ಹೊಡೆಯಿತು.

ಹೊಸ ಅಧ್ಯಾಪಕರಿಗೆ ಹೇಳುತ್ತೇನೆ, ಇಂಥ ಹೊತ್ತಿನಲ್ಲಿ "ಮುಂದಿನ ಕ್ಲಾಸಿನಲ್ಲಿ ನೋಡೋಣ" ಎಂದು ಒಮ್ಮೆ ಹೇಳಬಹುದು. ಎರಡನೇ ಸಲ ಹೇಳಿದರೆ ಹುಡುಗರು ಗುರುತು ಹಿಡಿಯುತ್ತಾರೆ. ಅಮರೇಶ ಅದನ್ನೇ ಎರಡನೇ ಸಲ ಕೇಳಿದಾಗ ನಾನು, "ನನಗ ಗೊತ್ತಿಲ್ಲ. ಕೂಡೇ ಕಲಿಯೋಣು," ಎಂದೆ. ಅಮರೇಶನಿಗೆ ಗಾಬರಿಯಾಯಿತು, ನಸ್ರೀನ್ ನಕ್ಕಳು. ಗೌತಮಿ ಮಾತ್ರ ಪೆನ್ನಿನ ಮುಚ್ಚಳ ತೆಗೆದು ಸರಿಯಾಗಿ ಕೂತಳು.

ನನಗೆ ದಾರಿ ಕಂಡದ್ದು ನನ್ನದೇ ಪ್ರಯೋಗಾಲಯದಲ್ಲಿ. ಸೋಡಿಯಂ ದೀಪದ ಕೆಳಗೆ ಗಾಜಿನ ಹಲಗೆಯ ಮೇಲೆ ಮಸೂರ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಳದಿ ಉಂಗುರಗಳು ಕಾಣುತ್ತವೆ, ಅವುಗಳ ನಡುವೆ ಕಪ್ಪು ಉಂಗುರಗಳು. ಪ್ರತಿ ವರ್ಷ ಹುಡುಗರು ಅವನ್ನು ಎಣಿಸಿ, ಎಣಿಸದವರು ಪಕ್ಕದವರಿಂದ ಬರೆದುಕೊಂಡು ಹೋಗುತ್ತಿದ್ದರು. ಮೂವರನ್ನೂ ಕರೆದುಕೊಂಡು ಹೋದೆ. ದೀಪದ ಪೆಟ್ಟಿಗೆಯಲ್ಲಿ ಹಲ್ಲಿ ಸಂಸಾರ ಹೂಡಿತ್ತು. ಅದನ್ನು ಒಕ್ಕಲೆಬ್ಬಿಸಿ, ದೀಪ ಬಿಸಿಯಾಗುವವರೆಗೆ ಕಾದು, ಒಬ್ಬೊಬ್ಬರಿಗೂ ತೋರಿಸಿದೆ.

"ಈ ಕರಿ ಉಂಗುರದಾಗ ಬೆಳಕ ಇಲ್ಲಂತ ತಿಳೀಬ್ಯಾಡ್ರಿ. ಎರಡು ಕಡೆಯಿಂದ ಬೆಳಕು ಬರಾಕತ್ತೈತಿ. ಒಂದು ಏರೋ ಹೊತ್ತಿಗೆ ಇನ್ನೊಂದು ಇಳಿದು, ಎರಡೂ ಕೂಡಿ ಇಲ್ಲದಂಗ ಆಗ್ಯಾವ."

ಗೌತಮಿ ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದಳು. "ಹಂಗಾದ್ರ ನಾವು ಬರೆಯೋ ಪ್ರೋಗ್ರಾಮಿಂದೂ ಇದ ಕೆಲಸೇನ್ರೀ? ಎಲ್ಲಾ ಉತ್ತರಾನೂ ಒಮ್ಮೆಗೆ ಹೊರಡಸೋದು, ತಪ್ಪು ಉತ್ತರ ಒಂದಕ್ಕೊಂದು ಬಡಿದಾಡಿ ಕಪ್ಪಾಗಬೇಕು, ಬರೊಬ್ಬರಿ ಇದ್ದದ್ದು ಹಳದಿ ಉಳೀಬೇಕು."

ಇಷ್ಟು ವರ್ಷ ಆ ಉಂಗುರ ತೋರಿಸಿದ್ದೇನೆ, ಹೀಗೆ ಹೇಳಿದವರಿರಲಿಲ್ಲ. ಅಂದು ಊಟದ ಡಬ್ಬಿ ಬಿಚ್ಚುವುದನ್ನೇ ಮರೆತೆ.

ಇನ್ನು ಪ್ರಾಜೆಕ್ಟಿಗೆ ಒಂದು ಸಮಸ್ಯೆ ಬೇಕಿತ್ತು. ಅದನ್ನು ನಸ್ರೀನ್ ಹುಡುಕಿದಳು. ಪ್ರತಿ ವರ್ಷ ಕೊನೆಯ ವರ್ಷದವರ ಪ್ರವಾಸಕ್ಕೆ ಎರಡು ಬಸ್ಸು ಹೋಗುತ್ತವೆ, ಪ್ರತಿ ವರ್ಷ ಬಸ್ಸಿನಲ್ಲಿ ಜಗಳವಾಗುತ್ತದೆ. ಹಾಡು ಯಾವುದು ಹಾಕಬೇಕು ಎನ್ನುವಲ್ಲಿಂದ ಶುರುವಾಗಿ ಮನೆತನದವರೆಗೆ ಹೋಗುತ್ತದೆ. ಯಾರ್ಯಾರಿಗೆ ಆಗಿಬರುವುದಿಲ್ಲವೋ ಅವರನ್ನು ಬೇರೆ ಬೇರೆ ಬಸ್ಸಿನಲ್ಲಿ ಕೂಡಿಸಬೇಕು. ಆದಷ್ಟು ಹೆಚ್ಚು ಜಗಳಗಳು ಎರಡು ಬಸ್ಸಿನ ನಡುವೆ ಹಂಚಿಹೋಗಬೇಕು. ಕೇಳಲು ತಮಾಷೆ ಅನಿಸಿದರೂ ಇದು ಕ್ವಾಂಟಂ ಪ್ರೋಗ್ರಾಮಿಂಗ್ ಕಲಿಯುವವರೆಲ್ಲ ಮಾಡುವ ಪಾಠವೇ. ಒಬ್ಬ ವಿದ್ಯಾರ್ಥಿಗೆ ಒಂದು ಕ್ಯೂಬಿಟ್. ಸೊನ್ನೆ ಬಂದರೆ ಮೊದಲ ಬಸ್ಸು, ಒಂದು ಬಂದರೆ ಎರಡನೆಯದು.

ಇಡೀ ತರಗತಿಯನ್ನು ಸೇರಿಸಲು ನಮ್ಮಲ್ಲಿ ಶಕ್ತಿಯಿರಲಿಲ್ಲ. ನಿಜವಾದ ಕ್ವಾಂಟಂ ಯಂತ್ರ ನಮಗೆಲ್ಲಿಂದ ಬರಬೇಕು, ಸಾದಾ ಲ್ಯಾಪ್‌ಟಾಪೇ ಅದರಂತೆ ನಟಿಸಬೇಕಿತ್ತು. ಒಬ್ಬ ವಿದ್ಯಾರ್ಥಿ ಹೆಚ್ಚಾದರೆ ಲ್ಯಾಪ್‌ಟಾಪಿನ ಕೆಲಸ ದುಪ್ಪಟ್ಟಾಗುತ್ತಿತ್ತು. ಹಾಗಾಗಿ ಜಗಳದಲ್ಲಿ ಮುಂದಾಳತ್ವ ವಹಿಸುವ ಎಂಟು ಮಂದಿಯನ್ನು ಆರಿಸಿದರು. ಆ ಎಂಟರಲ್ಲಿ ಅಮರೇಶ, ಗೌತಮಿ ಇಬ್ಬರೂ ಇದ್ದರು. ಅವರಿಬ್ಬರಿಗೆ ಅಷ್ಟೇನೂ ಜಗಳವಿಲ್ಲ ಎಂದು ಆಗ ಇಬ್ಬರ ಹೆಸರಿನ ನಡುವೆ ಜಗಳದ ಗೆರೆ ಎಳೆದಿರಲಿಲ್ಲ.

"ಎಂಟು ಮಂದೀನ ಎರಡು ಬಸ್ಸಿಗೆ ಹಂಚಾಕ ನನಗ ಒಂದು ಕಪ್ ಚಹಾ ಸಾಕಲ್ರೀ ಮೇಡಂ," ಎಂದರು ದೇಸಾಯಿ ಸರ್.

ಅವರು ಹೇಳಿದ್ದು ನಿಜ. ಇವತ್ತಿಗೂ ಅಂಥ ಸಣ್ಣ ಲೆಕ್ಕಕ್ಕೆ ಕ್ವಾಂಟಂ ಬೇಕಿಲ್ಲ. ಬೇಕು ಎಂದು ಹುಡುಗರಿಗೆ ಸುಳ್ಳು ಹೇಳಬೇಡಿ. ಈಜು ಕಲಿಯುವವರನ್ನು ಮೊದಲು ಮೊಣಕಾಲುದ್ದದ ನೀರಿಗೇ ಇಳಿಸುತ್ತೇವಲ್ಲ, ಅಷ್ಟೇ ಇದು ಎಂದು ದೇಸಾಯಿ ಸರ್‌ಗೆ ಹೇಳಿದೆ.

ಯಾರಿಗೆ ಯಾರ ಮೇಲೆ ಸಿಟ್ಟು ಎಂದು ತಿಳಿಯಲು ಅಮರೇಶನನ್ನು ಕಳಿಸಿದೆವು. ಅದು ನಮ್ಮ ದೊಡ್ಡ ತಪ್ಪು. ಅವನು ನೇರವಾಗಿ ಕೇಳಿದಾಗ ಎಲ್ಲರೂ, "ನಮಗ್ಯಾರ ಮ್ಯಾಲೂ ಸಿಟ್ಟಿಲ್ಲಪ್ಪಾ," ಎಂದರು. ಆಗ ಅವನು, "ಅಂವ ನಿನ್ನ ಬಗ್ಗೆ ಹಿಂಗಂದಾನಲ್ಲಲೇ, ಆದ್ರೂ ಇಲ್ಲೇನು?" ಎಂದು ಕೆದಕಿದ. ಎರಡು ದಿನದಲ್ಲಿ ಕ್ಯಾಂಟೀನಿನಲ್ಲಿ ಇಬ್ಬರು ಹೊಡೆದಾಡಿ ಒಂದು ಕುರ್ಚಿ ಮುರಿದರು.

ನಸ್ರೀನ್ ಬಂದು, "ಮೇಡಂ, ನಾವು ಕೇಳೋಕಿಂತ ಮೊದಲು ಅವರಿಬ್ರೂ ಚೊಲೋ ಇದ್ರು," ಎಂದಳು. ಅಳೆಯಲು ಹೋದರೆ ಅಳೆಯುವ ವಸ್ತುವೇ ಬದಲಾಗುತ್ತದೆ ಎಂದು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆ. ಕಣ್ಣಾರೆ ಕಂಡದ್ದು ಆಗಲೇ.

ಪ್ರೋಗ್ರಾಂ ಓಡತೊಡಗಿದಾಗ ಇನ್ನೊಂದು ಪೇಚು. ಒಂದೇ ಉತ್ತರ ಬರುವ ಬದಲು ಪ್ರತಿ ಸಲ ಪರದೆಯ ನಕ್ಷೆಯಲ್ಲಿ ಎರಡು ಉತ್ತರ ಸಮಸಮ ಎತ್ತರಕ್ಕೆ ಎದ್ದು ನಿಲ್ಲುತ್ತಿದ್ದವು. ಎಲ್ಲೋ ತಪ್ಪಿದೆ ಎಂದು ನಾವು ಒಂದು ವಾರ ಹುಡುಕಿದೆವು. ನಾನು ಗಣಿತ ಪರಿಶೀಲಿಸಿದೆ, ನಸ್ರೀನ್ ಸಾಲು ಸಾಲು ನೋಡಿದಳು, ಅಮರೇಶ ಲ್ಯಾಪ್‌ಟಾಪನ್ನೇ ಬದಲಿಸೋಣ ಎಂದ. ಒಂದು ಮುಂಜಾನೆ ಮಸ್ಕಿಯಿಂದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಗೌತಮಿ ಇದ್ದಕ್ಕಿದ್ದಂತೆ ನಗಲು ಶುರುಮಾಡಿದಳು. ಅವಳು ನಗುವುದು ಅಪರೂಪವಾದ್ದರಿಂದ ನನಗೆ ಭಯವಾಯಿತು.

"ಮೇಡಂ, ಎರಡೂ ಒಂದ ಉತ್ತರ್ರೀ. ಮೊದಲನೇ ಬಸ್ಸಿನಾಗ ಇದ್ದೋರನ್ನ ಎರಡನೇ ಬಸ್ಸಿಗೆ, ಎರಡನೇದ್ದರಾಗಿನೋರನ್ನ ಮೊದಲನೇದ್ದಕ್ಕ ಹಾಕಿದ್ರ ಜಗಳ ಬದಲಾಗತಾವೇನು?"

ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನಮ್ಮ ನಗು ನೋಡುತ್ತ ನಿಂತ.

ಇಷ್ಟರವರೆಗೆ ಎಲ್ಲ ಸರಿಯಿತ್ತು. ಕೆಟ್ಟದ್ದು ಕಾಲೇಜಿನ ಪ್ರದರ್ಶನದ ದಿನ. ಬಂದ ಅತಿಥಿಗಳಿಗೆ ವಿವರಿಸುವ ಕೆಲಸ ಮಾತುಗಾರ ಅಮರೇಶನದು. ಮಾತಿನ ಭರದಲ್ಲಿ, "ಇದು ನಾ ಬರೆದ ಪ್ರೋಗ್ರಾಂ ರೀ," ಅಂದುಬಿಟ್ಟ. ಒಬ್ಬ ಸ್ಥಳೀಯ ವರದಿಗಾರ ಅಲ್ಲಿದ್ದ. ಮರುದಿನ ಪತ್ರಿಕೆಯಲ್ಲಿ ಅಮರೇಶನ ಫೋಟೋ, ಅದರ ಮೇಲೆ "ಕ್ವಾಂಟಂ ಕಂಪ್ಯೂಟರ್ ತಯಾರಿಸಿದ ಸಿಂಧನೂರಿನ ಯುವಕ." ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಅವನ ತಂದೆ ಹೆಮ್ಮೆ ತಡೆಯಲಾರದೆ ಸಿಂಧನೂರಿನ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿಸಿದರು. ನಡುವೆ ಕೈಕಟ್ಟಿ ನಿಂತ ಅಮರೇಶ, ಸುತ್ತ ಚಿಕ್ಕಪ್ಪ, ಸೋದರಮಾವ, ಅಂಗಡಿಯ ಪಾಲುದಾರರ ಮುಖಗಳು, ಕೆಳಗೆ ದೊಡ್ಡಕ್ಷರದಲ್ಲಿ "ಕ್ವಿಂಟಂ ಕಂಪ್ಯೂಟರ್ ಸಾಧಕನಿಗೆ ಅಭಿನಂದನೆಗಳು."

ಗೌತಮಿ ಅದನ್ನು ಬಟ್ಟೆ ತರಲು ಸಿಂಧನೂರಿಗೆ ಹೋದಾಗ ಕಂಡಳು. ಮಾರನೇ ದಿನದಿಂದ ಅವಳು ಅಮರೇಶನ ಜೊತೆ ಮಾತು ಬಿಟ್ಟಳು, ಕಾಲೇಜಿಗೆ ಬರುವುದನ್ನೂ ಬಿಟ್ಟಳು. ವೈವಾ ಹತ್ತಿರ ಬಂದಿತ್ತು. ಮೂವರೂ ಎದುರು ನಿಂತು ಉತ್ತರಿಸದಿದ್ದರೆ ಮೂವರಿಗೂ ಅಂಕವಿಲ್ಲ, ವರ್ಷವೇ ಹೋದಂತೆ. ನಸ್ರೀನ್ ಅಳುತ್ತ ನನ್ನ ಮುಂದೆ ನಿಂತಳು. "ನಾ ಯಾರ ಕಡೀಗೂ ಇಲ್ರೀ ಮೇಡಂ. ನನಗ ಪಾಸಾಗಬೇಕಾಗೈತಿ."

ಸಂಜೆ ಗೌತಮಿಯ ಮನೆಗೆ ಹೋದೆ. ನಮ್ಮ ಓಣಿಯಿಂದ ದೂರವೇನಿಲ್ಲ. ಅವಳ ತಂದೆ ಕುರ್ಚಿ ಹಾಕಿ, "ಫ್ಲೆಕ್ಸಿನಾಗ ತನ್ನ ಫೋಟೋ ಇಲ್ಲಂತ ಸಿಟ್ಟಲ್ರೀ ಅಕೀದು. ನೀವ ಕೇಳ್ರಿ," ಎಂದು ಒಳಗೆ ಹೋದರು.

"ಅಂವ ಹೆಸರು ತಗೊಂಡ್ರ ತಗೊಳ್ಳಲಿ ಬಿಡ್ರೀ," ಎಂದಳು ಗೌತಮಿ. "ತನಗ ತಿಳೀಲಾರದ್ದನ್ನ ತಿಳಿದೈತಿ ಅಂದ ನೋಡ್ರಿ, ಅದು ನನಗ ತಡಿಯಾಕ ಆಗವಲ್ದು. ಆ ಕರಿ ಉಂಗುರ ತಿಳಿಯಾಕ ನನಗ ಎಷ್ಟು ದಿನ ಹಿಡೀತು. ಅಂವ ಎರಡು ನಿಮಿಷದಾಗ ನಂದು ಅಂದ."

"ಈಗೇನ್ ಮಾಡೋಣವ್ವಾ?"

ಅವಳು ಯೋಚಿಸಿಯೇ ಇಟ್ಟಿದ್ದಳು. "ವೈವಾದಾಗ ನನ್ನ ಗಣಿತದ ಭಾಗ ಅಂವ ಬೋರ್ಡಿನ ಮ್ಯಾಲೆ ಬಿಡಿಸಿ ಹೇಳ್ಲಿ. ನಾ ಬಾಯಿ ತೆಗಿಯಂಗಿಲ್ಲ. ಹೇಳಿದ್ರ ಅದು ಅವಂದೂ ಆಗತೈತಿ. ಫ್ಲೆಕ್ಸ್ ಇದ್ರೂ ಇರ್ಲಿ."

ಅಮರೇಶನಿಗೆ ಇದನ್ನು ತಿಳಿಸಿದಾಗ ಅವನ ಮುಖ ಸಣ್ಣದಾಯಿತು. ಮೊದಲು ಅವನು ತಂದೆಗೆ ಫ್ಲೆಕ್ಸ್ ತೆಗೆಸಲು ಹೇಳಿದನಂತೆ. "ಬಣ್ಣ ಇನ್ನಾ ಹೊಸಾದ್ ಐತಿ," ಎಂದು ಅವರು ಒಪ್ಪಲಿಲ್ಲ. ಆಮೇಲೆ ಅವನು ನಿಜವಾಗಿ ಕಲಿಯಲು ಕೂತ. ಸಿಂಧನೂರಿನ ಬಸ್ಸು ಮಸ್ಕಿಗೆ ಬರುವ ಹೊತ್ತಿಗೆ ನನಗೊಂದು ಸೀಟಿಗೆ ಟವೆಲ್ ಹಾಕಿ ಇಟ್ಟಿರುತ್ತಿದ್ದ. ಹತ್ತಿ ಕೂತ ಕೂಡಲೇ ಪ್ರಶ್ನೆ ಶುರು. ಮೈನಸ್ ಎಲ್ಲಿಂದ ಬಂತು, ಇಲ್ಲಿ ತಿರುಗಿಸಿದ್ದು ಯಾಕೆ, ಅಲ್ಲಿ ಎರಡು ಸಲ ಮಾಡಿದರೆ ಏನಾಗುತ್ತದೆ. ನನಗೆ ಗೊತ್ತಿಲ್ಲದ್ದನ್ನೂ ಕೇಳಿದ. ಒಮ್ಮೆ ಲಿಂಗಸುಗೂರು ಬಂದದ್ದು ಗೊತ್ತಾಗದೆ ಇಬ್ಬರೂ ಮುಂದಿನ ಸ್ಟಾಪಿನಲ್ಲಿಳಿದು ಬಿಸಿಲಿನಲ್ಲಿ ವಾಪಸು ನಡೆದೆವು, ದಾರಿಯುದ್ದಕ್ಕೂ ಅದೇ ಮಾತು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಸೌಮ್ಯ ಸ್ವಭಾವದವರು. ಕೂತ ಮೇಲೆ, "ಈ ವಿಷಯ ನನಗೂ ಹೊಸದ್ರೀ. ತಿಳಿಯೋ ಹಂಗ ಹೇಳ್ರಿ," ಎಂದರು. ಅಷ್ಟು ಪ್ರಾಮಾಣಿಕರಾದ ಇನ್ನೊಬ್ಬ ಪರೀಕ್ಷಕರನ್ನು ನಾನು ನನ್ನ ವೃತ್ತಿಯಲ್ಲಿ ಕಂಡಿಲ್ಲ. ನಸ್ರೀನ್ ಪ್ರೋಗ್ರಾಂ ಓಡಿಸಿ ತೋರಿಸಿದಳು. ಗೌತಮಿ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಳು. ಅಮರೇಶ ಬೋರ್ಡಿಗೆ ಹೋದ.

ಅರ್ಧದವರೆಗೆ ಚೆನ್ನಾಗಿ ಹೇಳಿದ. ಆಮೇಲೆ ಒಂದು ಸಾಲಿನಲ್ಲಿ ಪ್ಲಸ್ ಬರೆದ. ಗೌತಮಿಯ ಕೈ ಬಿಚ್ಚಿದ್ದನ್ನು ನಾನು ನೋಡಿದೆ. ಅವಳು ತಡೆದಳು, ಇನ್ನೂ ಸ್ವಲ್ಪ ತಡೆದಳು.

"ಅಲ್ಲಿ ಮೈನಸ್."

"ಪ್ಲಸ್," ಎಂದ ಅಮರೇಶ, ತಿರುಗಿಯೂ ನೋಡದೆ.

"ಬರೆದಾಕಿ ನಾನು. ಮೈನಸ್ ಐತದು."

"ನೀ ಬರೆದಿದ್ದರಾಗ ಮೈನಸ್ ಐತಿ. ನಾ ಮೊದಲನೇ ಸಾಲಿನಾಗ ಜಗಳಾನ ಮೈನಸ್ ಅಂತ ಹಿಡಿದೀನಿ, ನೋಡು. ಇಲ್ಲಿಗೆ ಬರೋ ಹೊತ್ತಿಗೆ ಪ್ಲಸ್ ಆಗತೈತಿ."

ಗೌತಮಿ ಬೋರ್ಡಿಗೆ ಬಂದಳು. ಮೊದಲ ಸಾಲಿನಿಂದ ಬೆರಳಿಟ್ಟು ಇಳಿದಳು. ಅವನು ಅವಳ ಬೆರಳಿನ ಹಿಂದೆಯೇ ಹೇಳುತ್ತ ಬಂದ. ಒಂದು ಕಡೆ ಅವಳು ತಕರಾರು ಎತ್ತಿದಳು, ಅವನು ಇನ್ನೊಂದು ಚಾಕ್‌ಪೀಸ್ ತಗೊಂಡು ಪಕ್ಕದಲ್ಲಿ ಬಿಡಿಸಿದ. ದನಿ ಏರಿತು. ದೇಸಾಯಿ ಸರ್ ಎದ್ದು ಜಗಳ ಬಿಡಿಸಲು ಹೊರಟರು. ಪರೀಕ್ಷಕರು ಕೈ ತೋರಿಸಿ ಕೂಡಿಸಿದರು. ಕೊನೆಗೆ ಗೌತಮಿಯ ಬೆರಳು ಆ ಪ್ಲಸ್ಸಿನ ಮೇಲೆ ಬಂದು ನಿಂತಿತು.

"ಬರೊಬ್ಬರಿ ಐತಿ," ಎಂದಳು.

ಅಮರೇಶ ಕೈಯೊಳಗಿನ ಚಾಕ್‌ಪೀಸನ್ನು ಅವಳಿಗೆ ಕೊಟ್ಟ. ಮುಂದಿನ ಭಾಗ ಅವಳು ಬರೆದಳು. ಪರೀಕ್ಷಕರು ಪೆನ್ನು ಕೆಳಗಿಟ್ಟು, ಅಂಕ ಹಾಕುವುದನ್ನೇ ಮರೆತು ಕೇಳುತ್ತ ಕೂತರು. ಹೊರಗೆ ಮುಂದಿನ ತಂಡದವರು ಎರಡು ಸಲ ಬಾಗಿಲು ಬಡಿದರು.

ಮೂವರೂ ಒಳ್ಳೆಯ ಅಂಕ ಪಡೆದು ಪಾಸಾದರು. ಅಮರೇಶನ ತಂದೆ ಹೊಸ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಮೂವರೂ ಇದ್ದರು, ಜೊತೆಗೆ ನಾನೂ ಇದ್ದೆ. ಕಾಲೇಜಿನ ಪತ್ರಿಕೆಯಿಂದ ಎತ್ತಿದ ನನ್ನ ಫೋಟೋವನ್ನು ಎಷ್ಟು ಬೆಳ್ಳಗೆ ಮಾಡಿಸಿದ್ದರೆಂದರೆ ನನ್ನ ತಂಗಿ ಅದರ ಕೆಳಗೇ ನಿಂತು ಬಸ್ಸಿಗೆ ಕಾದರೂ ಗುರುತು ಹಿಡಿಯಲಿಲ್ಲ. "ಕ್ವಿಂಟಂ" ಹಾಗೆಯೇ ಉಳಿದಿತ್ತು.

ಪ್ರವಾಸ ಬಂತು. ಈ ಸಲ ಬಸ್ಸು ಹಂಚುವುದು ಪ್ರೋಗ್ರಾಂ ಹೇಳಿದಂತೆಯೇ ಆಗಲಿ ಎಂದು ಸ್ವತಃ ದೇಸಾಯಿ ಸರ್ ಹೇಳಿದರು. ಹೊರಡುವ ಮೊದಲು ನಸ್ರೀನ್ ಲೆಕ್ಕ ಇನ್ನೊಮ್ಮೆ ಮಾಡಿದಳು, ಈ ಸಲ ಅಮರೇಶ ಮತ್ತು ಗೌತಮಿಯ ನಡುವೆಯೂ ಗೆರೆ ಎಳೆದು. ಇಬ್ಬರೂ ಬೇರೆ ಬೇರೆ ಬಸ್ಸಿಗೆ ಬಿದ್ದರು. ಉಳಿದ ಜಗಳಗಂಟರೂ ಹಾಗೆಯೇ ಹಂಚಿಹೋದರು. ಲೆಕ್ಕಕ್ಕೆ ಒಗ್ಗದೆ ಒಂದೇ ಬಸ್ಸಿನಲ್ಲಿ ಉಳಿದ ಒಂದು ಜೋಡಿಯ ನಡುವೆ ನನ್ನನ್ನು ಕೂಡಿಸಿದರು.

ಲಿಂಗಸುಗೂರಿನಿಂದ ಬಾದಾಮಿಯ ಕಡೆಗೆ ಹೊರಟ ಆ ಬಸ್ಸಿನಷ್ಟು ಶಾಂತವಾದ ಬಸ್ಸನ್ನು ನಾನು ನೋಡಿಲ್ಲ. ಯಾರೂ ಹಾಡಲಿಲ್ಲ. ಯಾವ ಹಾಡು ಹಾಕಿದರೂ ಯಾರೂ ಬೇಡವೆನ್ನಲಿಲ್ಲ. ಮುದಗಲ್ಲು ದಾಟುವಾಗ ಅರ್ಧ ಮಂದಿ ನಿದ್ದೆ ಹೋಗಿದ್ದರು. ಹಿಂದಿನ ಬಸ್ಸಿನಲ್ಲೂ ಇದೇ ಸ್ಥಿತಿ ಎಂದು ದೇಸಾಯಿ ಸರ್ ಸಂತೋಷದಿಂದ ಫೋನ್ ಮಾಡಿದರು.

ಇಳಕಲ್ಲಿನಲ್ಲಿ ಚಹಾಕ್ಕೆ ಇಳಿದೆವು. ಹೊರಡುವ ಹೊತ್ತಿಗೆ ನೋಡಿದರೆ ಎರಡೂ ಬಸ್ಸಿನವರು ಕಲಸಿಹೋಗಿದ್ದರು. ಕ್ಯಾಂಟೀನಿನ ಕುರ್ಚಿ ಮುರಿದ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಕಿಟಕಿಗಾಗಿ ಕಿತ್ತಾಡುತ್ತಿದ್ದರು. ಹಾಡಿನ ಜಗಳದವರು ಡ್ರೈವರನ ಹಿಂದೆ ಸೇರಿದ್ದರು. ಗೌತಮಿ ತನ್ನ ಬ್ಯಾಗು ಎತ್ತಿಕೊಂಡು ಅಮರೇಶನ ಬಸ್ಸಿಗೆ ಹತ್ತಿದ್ದಳು. ಕ್ಯೂಬಿಟ್ಟುಗಳ ಸಂಖ್ಯೆ ಹೆಚ್ಚಿಸುವ ಬಗ್ಗೆ ಅವನು ಹೇಳಿದ್ದರಲ್ಲಿ ಏನೋ ತಪ್ಪಿತ್ತಂತೆ, ಬಾದಾಮಿಯವರೆಗೆ ತಡೆಯಲು ಅವಳಿಂದಾಗಲಿಲ್ಲ.

ದೇಸಾಯಿ ಸರ್ ಎರಡು ಬಸ್ಸಿನ ನಡುವೆ ಚಹಾದ ಲೋಟ ಹಿಡಿದು ನಿಂತುಬಿಟ್ಟರು. "ಅಲ್ರೀ ಮೇಡಂ, ಹಂಗಾದ್ರ ಪ್ರಾಜೆಕ್ಟ್ ಫೇಲ್ ಆತೇನ್ರೀ?"

ನನಗಿಂತ ಮೊದಲು ನಸ್ರೀನ್ ಹೇಳಿದಳು. "ಇಲ್ರೀ ಸರ್, ಉತ್ತರ ಬರೊಬ್ಬರಿನ ಇತ್ತು. ಯಾರ್ಯಾರಿಗೆ ಜಗಳ ಐತಿ ಅಂತ ಕೇಳಿದ್ವಿ. ಅವರಿಗೆ ಅದು ಬ್ಯಾಡಾಗೈತೇನು ಅಂತ ಕೇಳಿದ್ದಿಲ್ಲ."

ಎರಡೂ ಬಸ್ಸಿನಿಂದ ಗದ್ದಲ ಕೇಳತೊಡಗಿತ್ತು. ನಾನು ಮತ್ತು ನಸ್ರೀನ್ ಯಾವ ಬಸ್ಸಿನಲ್ಲಿ ಗದ್ದಲ ಹೆಚ್ಚಿದೆ ಎಂದು ಒಂದು ಕ್ಷಣ ಕಿವಿಗೊಟ್ಟು ಕೇಳಿ, ಅದನ್ನೇ ಹತ್ತಿದೆವು.